ಬಂಗುಡೆ ಬಸ್ ಹತ್ತಿತು, ಐಸು ಕರಗಿತು!

ಮಲ್ಪೆಯ ಬಂಗುಡೆ ರಾತ್ರಿ ಬಸ್ಸಲ್ಲಿ ಬೆಂಗಳೂರಿನ ನೆಂಟರ ಮನೆಗೆ ಹೊರಡುತ್ತದೆ. ಪ್ಲಾಸ್ಟಿಕ್ ಚೀಲ, ಮೇಲೊಂದು ಪೇಪರು, ಮುಗೀತು! ಘಾಟಿ ಹತ್ತಿ ಹಾಸನ ಮುಟ್ಟುವಷ್ಟರಲ್ಲಿ ಸೀಟಿನಡಿ ನೀರು, ಕಂಡಕ್ಟರನ ಬೈಗುಳ. ನೀರು ಒರೆಸಬಹುದು ಸ್ವಾಮೀ, ವಿಷ ಒರೆಸಲಾದೀತೇ?

ತಂಪು ತಪ್ಪಿದ ಬಂಗುಡೆ, ಬೂತಾಯಿಯಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಮೂಗಿಗೆ ತಿಳಿಯದೇ ಹೋಗಬಹುದು. ಕುದಿಸಿದರೂ, ಹುರಿದರೂ ಹೋಗದು. ಮುಖ ಕೆಂಪೇರಿ ತುರಿಕೆ, ತಲೆನೋವು, ವಾಂತಿ ಶುರುವಾದರೆ ಔತಣ ಆಸ್ಪತ್ರೆಯಲ್ಲಿ!

ಉಪಾಯ ಸುಲಭ. ಮೈನಸ್ 18 ಡಿಗ್ರಿಯಲ್ಲಿ ಕಲ್ಲಾದ ಮೀನನ್ನೇ ಕೊಳ್ಳಿ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಅಡಿಗೂ ಮೇಲಕ್ಕೂ ಐಸು, ಮೀನಿನಷ್ಟೇ ತೂಕ. ಸಂದಿ ಬಿಡದೆ ತುಂಬಿ ಟೇಪು ಸುತ್ತಿ. ದಾರಿಯಲ್ಲಿ ಮುಚ್ಚಳ ತೆಗೆದು ನೋಡುವ ಚಟ ಬೇಡ.

ಊರು ಮುಟ್ಟಿದಾಗ ಮೆತ್ತಗಾಗಿದ್ದರೂ ಐಸಿನಷ್ಟು ತಣ್ಣಗಿದ್ದರೆ ಅಂದೇ ಸಾರು ಮಾಡಿ. ಬೆಚ್ಚಗಾಗಿದ್ದರೆ ಆಸೆ ಬಿಡಿ, ಬೆಕ್ಕಿಗೂ ಹಾಕಬೇಡಿ.