ನಿಶಾಚರ ಪಕ್ಷಿಗಳ ಅಧ್ಯಯನದಲ್ಲಿ ದನಿ ಮತ್ತು ಛಾಯಾಚಿತ್ರಗಳ ಸಾಕ್ಷ್ಯ

ಇತಿಹಾಸದ ಅಭ್ಯಾಸಿಗೆ ಪಕ್ಷಿಗಳ ಗೊಡವೆ ಏಕೆಂದು ಕೇಳುವವರು ಉಂಟು. ಆದರೆ ಆಧಾರ ದೊರೆಯದಿದ್ದ ಮಾತ್ರಕ್ಕೆ ವಸ್ತುವೇ ಇರಲಿಲ್ಲವೆಂದು ನಿರ್ಣಯಿಸುವ ದೋಷವು ಶಾಸನಗಳನ್ನು ಓದುವವರಿಗೆ ಮಾತ್ರ ಮೀಸಲಾದುದಲ್ಲ. ಸಿಂಹಳದ ಒಂದು ಗೂಬೆಯ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಶ್ರೀಲಂಕೆಯ ಮಳೆಕಾಡಿನಲ್ಲಿ 1995ರಲ್ಲಿ ದೀಪಾಲ್ ವರಕಾಗೊಡ ಎಂಬ ಪಕ್ಷಿವೀಕ್ಷಕರು, ತಮಗೆ ತಿಳಿದ ಯಾವ ಪಕ್ಷಿಗೂ ಸಲ್ಲದ ಒಂದು ಕೂಗನ್ನು ಕೇಳಿದರು. 1868ರ ತರುವಾಯ ಆ ದ್ವೀಪದಲ್ಲಿ ಹೊಸ ಪಕ್ಷಿಜಾತಿಯೊಂದು ಪತ್ತೆಯಾಗಿರಲಿಲ್ಲ. ಇನ್ನು ಪತ್ತೆಯಾಗುವುದೆಂಬ ನಿರೀಕ್ಷೆಯೂ ಹೆಚ್ಚಾಗಿ ಇದ್ದಿರಲಾರದು. ಕೂಗಿದ ಪಕ್ಷಿಯು ಕಣ್ಣಿಗೆ ಬಿದ್ದುದು 2001ರ ಜನವರಿ 23ರಂದು, ಸಿಂಹರಾಜ ಅರಣ್ಯದಲ್ಲಿ. ಗೇಣುದ್ದವೂ ಇಲ್ಲದ, ಕೆಂಗಂದು ಮೈಯ ಈ ಗೂಬೆಯನ್ನು 2004ರಲ್ಲಿ ಹೊಸ ಜಾತಿಯೆಂದು ವಿಧಿವತ್ತಾಗಿ ವರ್ಣಿಸಲಾಯಿತು. ಕಿವಿಯ ಸಾಕ್ಷ್ಯಕ್ಕೂ ಕಣ್ಣಿನ ಸಾಕ್ಷ್ಯಕ್ಕೂ ನಡುವೆ ಸುಮಾರು ಆರು ವರ್ಷಗಳ ಅಂತರ! ಅಷ್ಟು ಕಾಲವೂ ಹಕ್ಕಿ ಕಾಡಿನಲ್ಲಿಯೇ ಇದ್ದಿತೆಂಬುದನ್ನು ಹೇಳಬೇಕಾಗಿಲ್ಲ.

ಛಾಯಾಚಿತ್ರದ ಸಾಕ್ಷ್ಯವು ಇದಕ್ಕಿಂತ ದೃಢವೆಂದು ತೋರಬಹುದು. ಈ ನಂಬಿಕೆಯನ್ನು ಪರೀಕ್ಷಿಸಲು ಕಪ್ಪೆಬಾಯಿ ಹಕ್ಕಿಯನ್ನು ಗಮನಿಸೋಣ. ಎಡ್ವರ್ಡ್ ಬ್ಲೈತ್ 1849ರಲ್ಲಿ ನಾಮಕರಣ ಮಾಡಿದ ಈ ಪಕ್ಷಿಯು ಶ್ರೀಲಂಕೆಯಲ್ಲಿಯೂ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ವಾಸಿಸುತ್ತದೆ. ಹಗಲಿನಲ್ಲಿ ಒಣಗಿದ ಎಲೆಗಳ ನಡುವೆ ಗಂಡು ಹೆಣ್ಣುಗಳು ಒತ್ತಿಕೊಂಡು ಕುಳಿತು ನಿದ್ರಿಸುತ್ತವೆ. ಗಂಡು ಬೂದಿಗಂದು, ಹೆಣ್ಣು ಕೆಂಗಂದು. ಎರಡೂ ತರಗೆಲೆಯ ಬಣ್ಣಗಳೇ. ಸಂಶಯವುಂಟಾದರೆ ಹಾರಿಹೋಗದೆ, ಮೆಲ್ಲಗೆ ಕೊಕ್ಕನ್ನು ಮೇಲೆತ್ತಿ ಮುರಿದ ಕೊಂಬೆಯಂತೆ ನಿಶ್ಚಲವಾಗುತ್ತವೆ. ಈ ನಿಶ್ಚಲತೆಯೇ ಛಾಯಾಗ್ರಾಹಕನಿಗೆ ಅನುಕೂಲ. ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ನಿಲ್ಲಿಸಿ ಅರ್ಧ ಸೆಕೆಂಡಿನಷ್ಟು ಕಾಲ ಬೆಳಕನ್ನು ಒಳಬಿಟ್ಟರೂ ಚಿತ್ರವು ಕದಡುವುದಿಲ್ಲ. ಫ್ಲಾಷಿನ ಅಗತ್ಯವೇ ಬೀಳದು. ಹಾಗಿದ್ದೂ ಕತ್ತಲೆಗೆ ಹೊಂದಿಕೊಂಡ ಆ ಅಗಲವಾದ ಕಣ್ಣುಗಳಿಗೆ ಬೆಳಕನ್ನು ಸಿಡಿಸುವವರಿದ್ದಾರೆ.

ಚಿತ್ರವು ಸತ್ಯವನ್ನೇ ತೋರಿದರೂ ಪೂರ್ಣಸತ್ಯವನ್ನು ತೋರುವುದಿಲ್ಲ. ಪಾಚಿ, ಶಿಲಾವಲ್ಕ ಮತ್ತು ತನ್ನ ತುಪ್ಪುಳಿನಿಂದ ಕಟ್ಟಿದ ಅಂಗೈಯಗಲದ ಗೂಡಿನಲ್ಲಿ ಈ ಹಕ್ಕಿ ಇಡುವುದು ಒಂದೇ ಮೊಟ್ಟೆ. ಹಗಲಿನಲ್ಲಿ ಕಾವು ಕೊಡುವುದು ಗಂಡು. ರಾತ್ರಿ ಹೆಣ್ಣಿಗೂ ಸರದಿಯುಂಟು. ಹಗಲಿನ ಚಿತ್ರಗಳನ್ನು ಮಾತ್ರ ಶೇಖರಿಸಿದವನು ತಾಯಿಗೆ ಮೊಟ್ಟೆಯ ಚಿಂತೆಯೇ ಇಲ್ಲವೆಂದು ಬರೆದಾನು! ಆದಕಾರಣ ಚಿತ್ರದೊಡನೆ ತಿಂಗಳು, ತಾರೀಖು, ಗಂಟೆ, ಬಳಸಿದ ಬೆಳಕು, ಧ್ವನಿಮುದ್ರಿಕೆಯನ್ನು ನುಡಿಸಿ ಪಕ್ಷಿಯನ್ನು ಕರೆಯಲಾಯಿತೇ ಎಂಬ ವಿವರ, ಇವೆಲ್ಲವೂ ಇರತಕ್ಕದ್ದು. ಕರೆಗೆ ಓಗೊಟ್ಟು ಬಂದ ಹಕ್ಕಿಯ ಚಿತ್ರವು ಅದರ ಸಹಜ ನಡವಳಿಕೆಗೆ ಪ್ರಮಾಣವಾಗಲಾರದು.

ಸ್ಥಳದ ವಿಷಯದಲ್ಲಿ ಮಾತ್ರ ನಮ್ಮ ಶಾಸ್ತ್ರದ ನಿಯಮವನ್ನು ಸಡಿಲಿಸಬೇಕಾಗುತ್ತದೆ. ದೊರೆತ ತಾಣವನ್ನು ಖಚಿತವಾಗಿ ಹೇಳದ ಶಾಸನಕ್ಕೆ ಬೆಲೆ ಕಡಮೆ. ಆದರೆ ಈ ಪಕ್ಷಿಗಳು ಒಂದೇ ಕೊಂಬೆಗೆ ದಿನದಿನವೂ ಮರಳುವುದರಿಂದ, ತಾಣವು ಅಚ್ಚಾದ ಕೂಡಲೇ ಅಲ್ಲಿ ಜನ ನೆರೆಯುತ್ತಾರೆ. ನಿಖರವಾದ ತಾಣವನ್ನು ಸಂಶೋಧಕನ ದಿನಚರಿಯಲ್ಲಿಯೂ ಅರಣ್ಯ ಇಲಾಖೆಯ ದಾಖಲೆಯಲ್ಲಿಯೂ ಬರೆದಿಟ್ಟು, ಪ್ರಕಟಣೆಯಲ್ಲಿ ಅರಣ್ಯದ ಹೆಸರನ್ನಷ್ಟೇ ಕೊಡುವುದು ಯುಕ್ತವೆಂದು ನನ್ನ ಅಭಿಪ್ರಾಯ. ಮುಂದಿನ ಪೀಳಿಗೆಯ ಅಭ್ಯಾಸಿಗೆ ದಾಖಲೆಯೂ ಬೇಕು, ಅದರೊಡನೆ ಹೋಲಿಸಿ ನೋಡಲು ಹಕ್ಕಿಯೂ ಬೇಕಷ್ಟೆ.