ಕಾಗದನಗರಕ್ಕೆ ಯಾವ ಗಾಡಿ?

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಗಾಡಿಗಳಲ್ಲಿ ಫಾರ್ಚೂನರ್, ಇನ್ನೋವಾ ಹೈಕ್ರಾಸ್, ಹೈರೈಡರ್ ಮೂರನ್ನೂ ಜನ ಎಸ್‌ಯುವಿ ಸಾಲಿಗೇ ಸೇರಿಸುತ್ತಾರೆ. ಮೈಕಟ್ಟು ಮಾತ್ರ ಬೇರೆ. ಫಾರ್ಚೂನರ್ ಲಾರಿಯ ಹಾಗೆ ಗಟ್ಟಿ ಚಾಸಿಯ ಮೇಲೆ ಕೂತ ಗಾಡಿ, 2.8 ಲೀಟರ್ ಡೀಸೆಲ್ ಎಂಜಿನ್, ಬೇಕೆಂದವರಿಗೆ ನಾಲ್ಕೂ ಚಕ್ರಕ್ಕೆ ಎಳೆತ. 2022ರಲ್ಲಿ ಅನಾವರಣಗೊಂಡ ಹೈಕ್ರಾಸ್‌ಗೆ ಪ್ರತ್ಯೇಕ ಚಾಸಿಯೇ ಇಲ್ಲ, ಬಾಡಿಯೇ ಆಧಾರ; ಎಳೆಯುವುದು ಮುಂದಿನ ಚಕ್ರ. ಭದ್ರಾವತಿಯ ಕಾಗದನಗರದಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವ, ಆಗೊಮ್ಮೆ ಈಗೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ ಕುಟುಂಬಕ್ಕೆ ಈ ಎರಡನೆಯ ಜಾತಿಯೇ ಸಾಕು ಎಂಬುದು ನನ್ನ ವಾದ. ಘಾಟಿಯ ತಿರುವುಗಳಲ್ಲಿ ಎತ್ತರದ, ಭಾರದ ಗಾಡಿ ಹೆಚ್ಚು ವಾಲುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಹೊಟ್ಟೆ ತೊಳಸುವುದು ಅಲ್ಲೇ. ಹೈಬ್ರಿಡ್ ಮಾದರಿಯಾದರೆ ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ, ಊರೊಳಗಿನ ನಿಧಾನದ ಓಟದಲ್ಲಿ ಪೆಟ್ರೋಲ್ ಉಳಿಯುತ್ತದೆ.

ಮಲೆನಾಡಿನ ಮಳೆಗೆ ಫಾರ್ಚೂನರೇ ಬೇಕಲ್ಲವೇ ಎನ್ನಬಹುದು. ಅಡಿಕೆ ತೋಟದ ಕೆಸರು ದಾರಿಯಲ್ಲಿ ದಿನವೂ ಹೋಗುವವರ ಮಟ್ಟಿಗೆ ಒಪ್ಪಿದೆ. ಒದ್ದೆ ಡಾಂಬರಿನ ಮೇಲೆ ಗಾಡಿ ನಿಲ್ಲಿಸುವುದು ಮಾತ್ರ ಟೈರು ಮತ್ತು ಬ್ರೇಕು. ನಾಲ್ಕು ಚಕ್ರದ ಎಳೆತಕ್ಕೆ ಅಲ್ಲಿ ಕೆಲಸವಿಲ್ಲ. ಮನೆಯಲ್ಲಿ ಏಳು ಜನರಿದ್ದರೆ ಹೈಕ್ರಾಸ್, ನಾಲ್ಕೈದು ಮಂದಿಯಾದರೆ ಅದೇ ಜಾತಿಯ ಹೈರೈಡರ್ ನೋಡಿ. ಫಾರ್ಚೂನರ್ ತೋಟದ ಯಜಮಾನರಿಗಿರಲಿ.