ಬರೀ 12 ವೋಲ್ಟ್ ತಾನೇ?

ಬಾನೆಟ್ ಎತ್ತಿ ಬ್ಯಾಟರಿಯ ಪಕ್ಕಕ್ಕೆ ಟಾರ್ಚ್ ಬಿಟ್ಟರೆ ದಪ್ಪನೆಯ ಕೆಂಪು ವೈರ್ ಒಂದು ಕಾಣುತ್ತದೆ. ಕಾರಿನ ಜೊತೆ ಬಂದದ್ದಲ್ಲ; ಡಿಕ್ಕಿಯಲ್ಲಿರುವ ಆಂಪ್ಲಿಫೈಯರ್‌ಗೆಂದು ಅಂಗಡಿಯಲ್ಲಿ ಎಳೆಸಿದ್ದು. ಅದರ ಮೈಮೇಲೆ ಒಂದು ಕಡೆ ಇಲಿಯ ಹಲ್ಲಿನ ಗುರುತು, ಇನ್ನೊಂದು ಕಡೆ ಕರಿ ಟೇಪಿನ ಗಂಟು. ಟೇಪಿನ ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವುದಿಲ್ಲ, ಕೈಗೇ ಜಾರಿ ಬರುತ್ತದೆ. ಎಂಜಿನ್ನಿನ ಕಾವಿಗೆ ಅಂಟು ಕರಗಿ ಕಪ್ಪು ಪಾಕವಾಗಿರುತ್ತದೆ. ಒಳಗೆ ಕೈಯಲ್ಲೇ ಹೊಸೆದು ಬಿಟ್ಟ ತಂತಿ, ಎಳೆಗಳ ನಡುವೆ ಹಸಿರು ಕಿಲುಬು.

ವೈರ್ ಬದಲಾಯಿಸೋಣವೇ ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಬರೀ 12 ವೋಲ್ಟ್ ತಾನೇ ಸಾರ್, ಇನ್ನೊಂದು ಸುತ್ತು ಟೇಪ್ ಹಾಕಿದ್ರೆ ಆಯ್ತು." ಕಾರಿನ ಆಂಪ್ ವೈರಿಂಗ್ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಒಂದು ಮಾತಿನಿಂದಲೇ.

ತಪ್ಪು ಕಲ್ಪನೆ 1: ಮನೆಯ 230 ವೋಲ್ಟ್ ತಡೆಯುವ ವೈರ್ ಕಾರಿನ 12 ವೋಲ್ಟಿಗೆ ಧಾರಾಳ ಸಾಕು.

ಸತ್ಯ: ವೈರನ್ನು ಬಿಸಿ ಮಾಡುವುದು ವೋಲ್ಟ್ ಅಲ್ಲ, ಅದರಲ್ಲಿ ಹರಿಯುವ ಆಂಪಿಯರ್. ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಹೆಚ್ಚು ಬೇಕು. 500 ವಾಟಿನ ಮಿಕ್ಸಿ ಮನೆಯಲ್ಲಿ ಎಳೆಯುವುದು ಎರಡು ಆಂಪಿಯರ್ ಚಿಲ್ಲರೆ. ಅದೇ 500 ವಾಟಿನ ಸದ್ದು ಕೊಡುವ ಆಂಪ್, ಎಂಜಿನ್ ಓಡುವಾಗ ಸಿಗುವ 13.8 ವೋಲ್ಟಿನಲ್ಲಿ, ತನ್ನೊಳಗಿನ ನಷ್ಟವೂ ಸೇರಿ, ಸುಮಾರು 45 ಆಂಪಿಯರ್ ಎಳೆಯುತ್ತದೆ.

ಇನ್ನು ಲೆಕ್ಕ ಹಾಕಿ. ಬ್ಯಾಟರಿಯಿಂದ ಡಿಕ್ಕಿಗೆ ಸುತ್ತಿ ಬಳಸಿ ಹೋಗಲು ಐದು ಮೀಟರ್ ವೈರ್ ಬೇಕು. ಮನೆಯ ಪ್ಲಗ್ ಪಾಯಿಂಟಿಗೆ ಹಾಕುವ ಎರಡೂವರೆ ಸ್ಕ್ವೇರ್ ವೈರ್ ಎಳೆದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಸೋರಿಹೋಗುತ್ತದೆ. ಸೋರಿದ್ದು ಸುಮಾರು 70 ವಾಟ್ ಶಾಖವಾಗಿ ಕಾರ್ಪೆಟ್ಟಿನ ಅಡಿಯಲ್ಲಿ ಕೂರುತ್ತದೆ. ಅದೇ ಜಾಗದಲ್ಲಿ 4 ಗೇಜಿನ ತಾಮ್ರದ ವೈರ್, ಅಂದರೆ ಸುಮಾರು 21 ಸ್ಕ್ವೇರ್ ಎಂಎಂ, ಇದ್ದರೆ ನಷ್ಟ 0.2 ವೋಲ್ಟಿನೊಳಗೆ ಮುಗಿಯುತ್ತದೆ. ಗೇಜ್ ಲೆಕ್ಕ ತಿರುಗುಮುರುಗು ಎಂಬುದು ನೆನಪಿರಲಿ: ಸಂಖ್ಯೆ ಚಿಕ್ಕದಾದಷ್ಟೂ ವೈರ್ ದಪ್ಪ. 8 ಗೇಜ್ ಅಂದರೆ 8.4 ಸ್ಕ್ವೇರ್ ಎಂಎಂ ಮಾತ್ರ.

ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಒಣ ಕೈಯಲ್ಲಿ ಎರಡೂ ಟರ್ಮಿನಲ್ ಮುಟ್ಟಿದರೂ ಏನೂ ಆಗದು. ಆದರೆ ಸ್ಟಾರ್ಟರ್ ಮೋಟರನ್ನು ತಿರುಗಿಸಲು ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಅದು. ಅಡ್ಡ ಬಿದ್ದ ಸ್ಪ್ಯಾನರನ್ನು ಕೆಂಪಗೆ ಕಾಯಿಸಬಲ್ಲದು, ಬೆರಳಿನ ಉಂಗುರವನ್ನೂ ಬಿಡುವುದಿಲ್ಲ.

ತಪ್ಪು ಕಲ್ಪನೆ 2: ತುಂಡಾದ ಕಡೆ ಹೊಸೆದು, ಟೇಪ್ ಬಿಗಿಯಾಗಿ ಸುತ್ತಿದರೆ ಹೊಸದರಂತೆಯೇ.

ಸತ್ಯ: ಹೊಸೆದ ಜಾಯಿಂಟ್ ಹಾಕಿದ ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕೆ ಸಡಿಲವಾಗಿ, ಮಳೆಗಾಲದ ತೇವಕ್ಕೆ ಕಿಲುಬು ಹಿಡಿದು, ಅಲ್ಲಿ ತಡೆ ಬೆಳೆಯುತ್ತದೆ. ಓಮಿನ ನೂರರಲ್ಲಿ ಒಂದು ಪಾಲು ತಡೆ ಬೆಳೆದರೂ ಸಾಕು, 45 ಆಂಪಿಯರ್ ಹರಿಯುವಾಗ ಅಲ್ಲಿ ಹುಟ್ಟುವ ಶಾಖ 20 ವಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಇರುವುದು 25 ವಾಟಿನದು! ಹಾಡಿನುದ್ದಕ್ಕೂ ಆಂಪ್ ಇಷ್ಟು ಎಳೆಯುವುದಿಲ್ಲ, ನಿಜ. ಆದರೆ ಬಾಸ್ ಬಡಿದಾಗಲೆಲ್ಲ ಆ ಬೆರಳಗಲದ ಜಾಗ ಕಾಯುತ್ತದೆ. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಗೆ ಇಷ್ಟು ಸಣ್ಣ ತಡೆ ಸಿಗುವುದೇ ಇಲ್ಲ. ಹಾಗಾಗಿ "ಚೆಕ್ ಮಾಡಿದೆ ಸಾರ್, ಸರಿ ಇದೆ" ಎಂಬ ಮಾತೂ ಸುಳ್ಳಲ್ಲ, ಭರವಸೆಯೂ ಅಲ್ಲ.

ಮುಖ್ಯ ಪವರ್ ವೈರಿಗೆ ಪೆಟ್ಟಾದರೆ ಬ್ಯಾಟರಿಯಿಂದ ಆಂಪಿನವರೆಗೆ ನಡುವೆ ಜಾಯಿಂಟ್ ಇಲ್ಲದ ಒಂದೇ ವೈರ್ ಎಳೆಸುವುದೇ ಸರಿ. ತುದಿಗೆ ಅಳತೆಗೆ ತಕ್ಕ ಲಗ್ ಇಟ್ಟು, ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ, ಮೇಲೆ ಹೀಟ್ ಶ್ರಿಂಕ್ ತೊಡಿಸಬೇಕು. ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡಿದ್ದು ಕ್ರಿಂಪ್ ಅಲ್ಲ. ಎಂಜಿನ್ ಕಡೆಯಿಂದ ಒಳಗೆ ವೈರ್ ನುಗ್ಗಿಸುವ ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್ ಇರಲೇಬೇಕು. ಇಲಿಯ ಹಲ್ಲು ಮಾಡುವ ಕೆಲಸವನ್ನೇ ತಗಡಿನ ಅಂಚೂ ಮಾಡುತ್ತದೆ, ಸ್ವಲ್ಪ ನಿಧಾನವಾಗಿ.

ತಪ್ಪು ಕಲ್ಪನೆ 3: ಆಂಪಿನಲ್ಲೇ ಫ್ಯೂಸ್ ಇದೆ, ಬ್ಯಾಟರಿ ಹತ್ತಿರ ಇನ್ನೊಂದು ಯಾಕೆ? ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕಿದರಾಯಿತು.

ಸತ್ಯ: ಎರಡಕ್ಕೂ ಕೆಲಸ ಬೇರೆ ಬೇರೆ. ಆಂಪಿನ ಮೈಮೇಲಿರುವುದು ಆಂಪಿನದು. ಬ್ಯಾಟರಿಯ ಬಳಿ ಇರುವುದು ವೈರಿನದು. ಇಲಿ ಕಚ್ಚಿದ ಜಾಗ ಬಾಡಿಗೆ ತಾಗಿದರೆ ಕರೆಂಟ್ ಆಂಪಿನವರೆಗೆ ಹೋಗುವುದೇ ಇಲ್ಲ, ಅಲ್ಲಿಂದಲೇ ಬ್ಯಾಟರಿಗೆ ಮರಳುತ್ತದೆ. ಡಿಕ್ಕಿಯಲ್ಲಿರುವ ಫ್ಯೂಸ್ ಹಾಯಾಗಿ ಕೂತಿರುತ್ತದೆ, ವೈರ್ ಹೊತ್ತಿಕೊಳ್ಳುತ್ತದೆ. ಆದ್ದರಿಂದಲೇ ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲು ಇಲ್ಲ. ಆ ಭಾಗ ಗಿಡ್ಡವಾದಷ್ಟೂ ಒಳ್ಳೆಯದು.

ಫ್ಯೂಸಿನ ಅಳತೆಯನ್ನು ವೈರ್ ನೋಡಿ ನಿರ್ಧರಿಸಬೇಕು. ಒಳ್ಳೆಯ ತಾಮ್ರದ 8 ಗೇಜಿಗೆ ಸಾಮಾನ್ಯವಾಗಿ 50–60 ಆಂಪಿಯರ್, 4 ಗೇಜಿಗೆ 100ರ ಆಸುಪಾಸು. ಹೋದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರು ಒಂದು ಯೋಚಿಸಬೇಕು: ಈಗ ಆ ಸರ್ಕ್ಯೂಟಿನಲ್ಲಿ ಮೊದಲು ಕರಗುವುದು ಯಾವುದು?

ತಪ್ಪು ಕಲ್ಪನೆ 4: ವೈರ್ ದಪ್ಪಗಿದ್ದರೆ ಒಳ್ಳೆಯ ಮಾಲು.

ಸತ್ಯ: ದಪ್ಪ ಕಾಣುವುದು ಪ್ಲಾಸ್ಟಿಕ್ ಹೊದಿಕೆಯೂ ಇರಬಹುದು. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಹೆಚ್ಚಾಗಿ ಬರುವುದು ಸಿಸಿಎ, ಅಂದರೆ ತಾಮ್ರದ ತೆಳು ಲೇಪವಿರುವ ಅಲ್ಯೂಮಿನಿಯಂ. ಅಲ್ಯೂಮಿನಿಯಂನ ವಾಹಕಶಕ್ತಿ ತಾಮ್ರದ ಶೇ. 60ರ ಆಸುಪಾಸು. ಸಿಸಿಎ ಹಾಕಲೇಬಾರದು ಅಂತೇನಿಲ್ಲ; ಹಾಕುವುದಾದರೆ ಒಂದು ಅಳತೆ ಹೆಚ್ಚು ದಪ್ಪದ್ದು ತೆಗೆದುಕೊಳ್ಳಬೇಕು, ತೇವ ತಾಗದಂತೆ ತುದಿ ಮುಚ್ಚಬೇಕು.

ಗುರುತು ಹಿಡಿಯುವುದು ಸುಲಭ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಇದ್ದರೆ ಸಿಸಿಎ. ಇದರ ತದ್ವಿರುದ್ಧವೂ ಉಂಟು: ಹೊರಗೆ ಬೆಳ್ಳಗೆ ಕಂಡು ಒಳಗೆ ಕೆಂಪಗಿದ್ದರೆ ಅದು ತವರ ಲೇಪಿಸಿದ ಅಸಲಿ ತಾಮ್ರ, ಕಿಲುಬು ಸುಲಭಕ್ಕೆ ಹಿಡಿಯುವುದಿಲ್ಲ. ಬಣ್ಣ ನೋಡಿ "ಅಲ್ಯೂಮಿನಿಯಂ" ಎಂದು ಅದನ್ನು ತಿರಸ್ಕರಿಸಿ, ಕೆಂಪಗೆ ಹೊಳೆಯುವ ಸಿಸಿಎ ಕೊಂಡು ಬರುವವರು ಇದ್ದಾರೆ.

ತಪ್ಪು ಕಲ್ಪನೆ 5: ಬದಲಾಯಿಸಬೇಕಾದ್ದು ಕೆಂಪು ವೈರ್, ಕಪ್ಪನ್ನು ಎಲ್ಲಿ ಬೋಲ್ಟ್ ಸಿಗುತ್ತದೋ ಅಲ್ಲಿಗೆ ಬಿಗಿದರಾಯಿತು.

ಸತ್ಯ: ಹೋದಷ್ಟೇ ಕರೆಂಟ್ ಮರಳಬೇಕು. ಹೋಗುವ ದಾರಿ ಹೆದ್ದಾರಿ, ಬರುವ ದಾರಿ ಕಾಲುಹಾದಿ ಆದರೆ ಖರ್ಚು ದಂಡ. ಅರ್ತ್ ವೈರೂ ಅಷ್ಟೇ ದಪ್ಪವಿರಲಿ, ಒಂದೂವರೆ ಅಡಿಗಿಂತ ಉದ್ದ ಬೇಡ. ಬಿಗಿಯುವ ಜಾಗದಲ್ಲಿ ಬಣ್ಣ ಕೆರೆದು ಬರಿಯ ಲೋಹ ಕಾಣಿಸಬೇಕು. ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಬೇಕು. ಸೀಟ್ ಬೆಲ್ಟಿನ ಬೋಲ್ಟ್ ಮಾತ್ರ ಮುಟ್ಟಬೇಡಿ, ಅದು ಜೀವ ಕಾಯುವ ಬೋಲ್ಟ್.

ಆಕ್ಸಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ "ಕುಂಯ್" ಎಂದು ಏರುವ ಸದ್ದಿಗೆ ಆಂಪ್ ಕೆಟ್ಟಿದೆ ಎಂದು ಹೊಸದು ಕೊಳ್ಳುವವರು ಬಹಳ. ಆ ರಾಗ ಆಲ್ಟರ್ನೇಟರಿನದು. ಅದು ಒಳಗೆ ನುಸುಳುವುದು ಹೆಚ್ಚಾಗಿ ಸಡಿಲ ಅರ್ತ್‌ನಿಂದ, ಇಲ್ಲವೇ ಆಡಿಯೋ ಕೇಬಲನ್ನು ಪವರ್ ವೈರಿಗೆ ಅಂಟಿಸಿ ಎಳೆದದ್ದರಿಂದ. ಹೊಸ ವೈರ್ ಎಳೆಸುವಾಗಲೇ ಪವರ್ ಒಂದು ಬದಿಗೆ, ಆಡಿಯೋ ಇನ್ನೊಂದು ಬದಿಗೆ ಹೋಗಲಿ.

ತಪ್ಪು ಕಲ್ಪನೆ 6: ಬಾಸಿಗೆ ಹೆಡ್‌ಲೈಟ್ ಮಂಕಾದರೆ ಒಂದು ಕೆಪ್ಯಾಸಿಟರ್ ಹಾಕಿಸಿದರೆ ಸರಿಹೋಗುತ್ತದೆ.

ಸತ್ಯ: ವೋಲ್ಟೇಜು 14ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಒಂದು ಫ್ಯಾರಡ್ ಕೆಪ್ಯಾಸಿಟರ್ ಕೊಡಬಲ್ಲದ್ದು 26 ಜೂಲ್. 500 ವಾಟಿಗೆ ಅದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದ ಊಟ. ತೆಳು ವೈರ್, ಕಿಲುಬಿನ ಲಗ್, ಸೋತ ಬ್ಯಾಟರಿ, ಇವುಗಳ ರಿಪೇರಿ ಅದರಿಂದ ಆಗದು.

ಬದಲಾಯಿಸಲು ಕೂತಾಗ ಮೊದಲು ಬಿಚ್ಚಬೇಕಾದ್ದು ಬ್ಯಾಟರಿಯ ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಜೋಡಿಸುವಾಗ ಮೈನಸ್ ಕೊನೆಗೆ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಕೇಳಿ. ಎಂಜಿನ್ ಓಡಲಿ, ಬಾಸ್ ಇರುವ ಹಾಡು ಜೋರಾಗಿ ಇರಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಒಮ್ಮೆ, ಆಂಪಿನ ಎರಡು ಟರ್ಮಿನಲ್ ನಡುವೆ ಒಮ್ಮೆ ಅಳೆಯಿರಿ. ಎರಡರ ಅಂತರ ಅರ್ಧ ವೋಲ್ಟಿನೊಳಗಿದ್ದರೆ ಕೆಲಸ ನೆಟ್ಟಗಾಗಿದೆ. ಒಂದು, ಒಂದೂವರೆ ತೋರಿಸಿದರೆ ಎಲ್ಲೋ ಒಂದು ಜಾಯಿಂಟ್ ಕಾಯುತ್ತಿದೆ. ಕೈಯಿಟ್ಟು ಹುಡುಕಿದರೂ ಸಿಕ್ಕೀತು. "ಬರೀ ಒಂದು ವೋಲ್ಟ್ ತಾನೇ ಸಾರ್" ಎಂದರೆ ಒಪ್ಪಬೇಡಿ. ಇರುವ 12ರಲ್ಲಿ ಅದು ಹೋದರೆ ಉಳಿಯುವುದು 11.